ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ಯಾಥೋಲಿಕ್ ಬೌದ್ಧಿಕ ಮತ್ತು ಸಾಂಸ್ಕೃತಿಕ ಜೀವನ

ಇಂಗ್ಲೆಂಡಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯವಾದ ಆಕ್ಸ್‌ಫರ್ಡ್‌ನಲ್ಲಿ ರೋಮನ್ ಕ್ಯಾಥೋಲಿಕ್ ಧರ್ಮಸಭೆಗೆ ಸೇರಿದ ವಿದ್ಯಾರ್ಥಿಗಳು, ಅಧ್ಯಾಪಕರು, ಸನ್ಯಾಸಿ ಸಭೆಗಳು ಮತ್ತು ಲೇಖಕರು ರೂಪಿಸಿದ ಬೌದ್ಧಿಕ ಹಾಗೂ ಸಾಂಸ್ಕೃತಿಕ ಪರಂಪರೆಯು ದೀರ್ಘವಾದ, ನಡುನಡುವೆ ಕಡಿದುಹೋದ ಇತಿಹಾಸವನ್ನು ಹೊಂದಿದೆ. ಮಧ್ಯಯುಗದಲ್ಲಿ ಇಡೀ ವಿಶ್ವವಿದ್ಯಾಲಯವೇ ಕ್ಯಾಥೋಲಿಕ್ ಆಗಿತ್ತು. 1581ರಿಂದ 1854ರವರೆಗೆ ಕ್ಯಾಥೋಲಿಕರು ಅಲ್ಲಿ ಪ್ರವೇಶ ಪಡೆಯದಂತೆ ನಿಯಮವೇ ತಡೆಯಿತು. ನಿಯಮ ಸಡಿಲವಾದ ಮೇಲೆ ಅವರ ಸ್ವಂತ ಬಿಷಪ್ಪರೇ ಅಡ್ಡ ನಿಂತರು, ಆ ತಡೆ 1895ರವರೆಗೆ ಉಳಿಯಿತು. ಹೀಗೆ ಒಂದೇ ಬಾಗಿಲನ್ನು ಎರಡು ಬಾರಿ, ಎರಡು ಬೇರೆ ಬೇರೆ ಕೈಗಳು ಮುಚ್ಚಿದವು. ಭಿನ್ನ ನಂಬಿಕೆಗಳೂ ಅಪನಂಬಿಕೆಯೂ ಮುಕ್ತವಾಗಿ ಬೆರೆಯುವ ವಿದ್ಯಾಕೇಂದ್ರದಲ್ಲಿ ಒಬ್ಬ ಯುವಕನ ಶ್ರದ್ಧೆ ಉಳಿಯಬಲ್ಲದೇ, ಅಥವಾ ಅದಕ್ಕೆ ಪ್ರತ್ಯೇಕ ಬೇಲಿ ಬೇಕೇ ಎಂಬ ಪ್ರಶ್ನೆ ಈ ಇತಿಹಾಸದ ಉದ್ದಕ್ಕೂ ಇದೆ.

ಆಕ್ಸ್‌ಫರ್ಡ್‌ಗೆ ಒಂದೇ ಆವರಣವಿಲ್ಲ. ಊರಿನ ಬೀದಿಗಳ ನಡುವೆ ಹರಡಿಕೊಂಡಿರುವ ಸ್ವಾಯತ್ತ ಕಾಲೇಜುಗಳ ಒಕ್ಕೂಟವೇ ಆ ವಿಶ್ವವಿದ್ಯಾಲಯ. ಕಾಲೇಜುಗಳಿಗಿಂತ ಚಿಕ್ಕದಾದ, ಸಾಮಾನ್ಯವಾಗಿ ಕ್ರೈಸ್ತ ಸಂಸ್ಥೆಗಳು ನಡೆಸುವ ‘ಕಾಯಂ ಖಾಸಗಿ ಹಾಲ್’ಗಳೂ ಅದರ ಭಾಗವಾಗಿವೆ. ಇಪ್ಪತ್ತನೆಯ ಶತಮಾನದ ಕ್ಯಾಥೋಲಿಕ್ ಜೀವನದ ಬಹುಪಾಲು ನಡೆದದ್ದು ಈ ಚಿಕ್ಕ ಹಾಲ್‌ಗಳಲ್ಲಿ ಮತ್ತು ವಿದ್ಯಾರ್ಥಿಗಳ ಗುರುವಿನ ನಿವಾಸದಲ್ಲಿ.

ಮಧ್ಯಯುಗ

ಡೊಮಿನಿಕನ್ ಸಭೆಯ ಭಿಕ್ಷು ಸನ್ಯಾಸಿಗಳು 1221ರ ಆಗಸ್ಟ್ 15ರಂದು ಆಕ್ಸ್‌ಫರ್ಡ್ ತಲುಪಿದರು. ಫ್ರಾನ್ಸಿಸ್ಕನ್ನರು 1224ರಲ್ಲಿ ಬಂದರು. ರೋಜರ್ ಬೇಕನ್, ಡನ್ಸ್ ಸ್ಕೋಟಸ್, ಆಕಮ್‌ನ ವಿಲಿಯಂ ಮೊದಲಾದ ಫ್ರಾನ್ಸಿಸ್ಕನ್ ಚಿಂತಕರ ಹೆಸರು ಈ ಊರಿನೊಂದಿಗೆ ಬೆಸೆದುಕೊಂಡಿದೆ. ಬೆನೆಡಿಕ್ಟೈನ್ ಸನ್ಯಾಸಿಗಳು ತಮ್ಮ ಮಠಗಳ ಯುವಕರಿಗಾಗಿ ಗ್ಲಾಸ್ಟರ್ ಕಾಲೇಜು ಮತ್ತು ಡರ್‌ಹಮ್ ಕಾಲೇಜುಗಳನ್ನು ನಡೆಸುತ್ತಿದ್ದರು. ಎಂಟನೆಯ ಹೆನ್ರಿಯ ಕಾಲದಲ್ಲಿ ಮಠಗಳ ವಿಸರ್ಜನೆಯಾದಾಗ ಇವೆಲ್ಲವೂ ಕೊನೆಗೊಂಡವು. ಗ್ಲಾಸ್ಟರ್ ಕಾಲೇಜಿನ ನಿವೇಶನದಲ್ಲಿ ಈಗ ವುಸ್ಟರ್ ಕಾಲೇಜು, ಡರ್‌ಹಮ್ ಕಾಲೇಜಿನ ನಿವೇಶನದಲ್ಲಿ ಟ್ರಿನಿಟಿ ಕಾಲೇಜು ಇವೆ.

ರಾಣಿ ಮೇರಿಯ ಅಲ್ಪಾವಧಿಯ ಆಳ್ವಿಕೆಯಲ್ಲಿ ಕ್ಯಾಥೋಲಿಕ್ ಧರ್ಮ ಮರುಸ್ಥಾಪನೆಗೊಂಡಿತು. ಟ್ರಿನಿಟಿ ಮತ್ತು ಸೇಂಟ್ ಜಾನ್ಸ್ ಕಾಲೇಜುಗಳು 1555ರಲ್ಲಿ ಸ್ಥಾಪನೆಯಾದದ್ದು ಆಗಲೇ. ಪ್ರೊಟೆಸ್ಟಂಟ್ ಬಿಷಪ್ಪರಾದ ಲ್ಯಾಟಿಮರ್ ಮತ್ತು ರಿಡ್ಲಿ ಅವರನ್ನು ಅದೇ 1555ರಲ್ಲಿ, ಕ್ರ್ಯಾನ್ಮರ್ ಅವರನ್ನು 1556ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜೀವಂತ ಸುಟ್ಟದ್ದೂ ಆ ಆಳ್ವಿಕೆಯಲ್ಲೇ. ಮುಂದಿನ ಶತಮಾನಗಳಲ್ಲಿ ಕ್ಯಾಥೋಲಿಕರ ಬಗೆಗೆ ಊರಿನಲ್ಲಿ ಉಳಿದ ಅಪನಂಬಿಕೆಯನ್ನು ಈ ನೆನಪನ್ನು ಬದಿಗಿಟ್ಟು ಅರ್ಥಮಾಡಿಕೊಳ್ಳಲಾಗದು.

ಬಹಿಷ್ಕಾರದ ಕಾಲ

ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಪ್ರತಿಭಾವಂತ ಕ್ಯಾಥೋಲಿಕ್ ವಿದ್ವಾಂಸರು ಒಬ್ಬೊಬ್ಬರಾಗಿ ಆಕ್ಸ್‌ಫರ್ಡ್ ತೊರೆದರು. ಓರಿಯಲ್ ಕಾಲೇಜಿನ ಫೆಲೊ ಆಗಿದ್ದ ವಿಲಿಯಂ ಆಲನ್ 1568ರಲ್ಲಿ ಡುವೇ ಪಟ್ಟಣದಲ್ಲಿ ಇಂಗ್ಲಿಷ್ ಗುರುಮಠವನ್ನು ತೆರೆದರು. ಇಂಗ್ಲೆಂಡಿಗೆ ಗುಟ್ಟಾಗಿ ಮರಳಲಿದ್ದ ಗುರುಗಳನ್ನು ತರಬೇತುಗೊಳಿಸಿದ ಆ ಸಂಸ್ಥೆಯ ಮೊದಲ ತಲೆಮಾರಿನಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಿದ್ದವರು ಅನೇಕರಿದ್ದರು.

ಅವರಲ್ಲಿ ಪ್ರಸಿದ್ಧರು ಸೇಂಟ್ ಜಾನ್ಸ್ ಕಾಲೇಜಿನ ಫೆಲೊ ಎಡ್ಮಂಡ್ ಕ್ಯಾಂಪಿಯನ್. 1566ರಲ್ಲಿ ರಾಣಿ ಆಕ್ಸ್‌ಫರ್ಡ್‌ಗೆ ಭೇಟಿ ನೀಡಿದಾಗ ಆಕೆಯ ಸಮ್ಮುಖದಲ್ಲಿ ವಿದ್ವತ್ ಚರ್ಚೆ ನಡೆಸಿ ಮೆಚ್ಚುಗೆ ಗಳಿಸಿದ್ದ ಅವರ ಮುಂದೆ ಉನ್ನತ ಪದವಿಗಳ ದಾರಿ ತೆರೆದಿತ್ತು. ಅದನ್ನು ಬಿಟ್ಟು 1573ರಲ್ಲಿ ಯೇಸುಸಭೆಯನ್ನು (ಜೆಸ್ವಿಟ್ ಸಭೆ) ಸೇರಿದ ಅವರು 1580ರಲ್ಲಿ ವೇಷ ಮರೆಸಿಕೊಂಡು ಇಂಗ್ಲೆಂಡಿಗೆ ಬಂದರು. ಪ್ರೊಟೆಸ್ಟಂಟ್ ವಿದ್ವಾಂಸರನ್ನು ಬಹಿರಂಗ ವಾದಕ್ಕೆ ಕರೆದ ಅವರ ‘ಹತ್ತು ಕಾರಣಗಳು’ ಎಂಬ ಲ್ಯಾಟಿನ್ ಕಿರುಹೊತ್ತಗೆ ಗುಪ್ತ ಮುದ್ರಣಾಲಯದಲ್ಲಿ ಅಚ್ಚಾಯಿತು. 1581ರ ಜೂನ್ 27ರಂದು ವಿಶ್ವವಿದ್ಯಾಲಯದ ಪದವಿ ಸಮಾರಂಭಕ್ಕೆ ಸೇಂಟ್ ಮೇರಿ ಚರ್ಚಿಗೆ ಬಂದವರಿಗೆ ಅದರ ಪ್ರತಿಗಳು ಆಸನಗಳ ಮೇಲೆ ಕಾದಿದ್ದವು. ಕೆಲವೇ ವಾರಗಳಲ್ಲಿ ಕ್ಯಾಂಪಿಯನ್ ಸೆರೆಸಿಕ್ಕರು. ಡಿಸೆಂಬರ್ 1ರಂದು ಲಂಡನ್ನಿನ ಟೈಬರ್ನ್‌ನಲ್ಲಿ ಅವರಿಗೆ ಮರಣದಂಡನೆಯಾಯಿತು. 1970ರಲ್ಲಿ ಅವರಿಗೆ ಸಂತ ಪದವಿ ನೀಡಲಾಯಿತು.

ಹದಿನಾರು ವರ್ಷ ಮೀರಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರವೇಶದ ಹೊತ್ತಿಗೆ ಇಂಗ್ಲೆಂಡಿನ ಚರ್ಚಿನ ‘ಮೂವತ್ತೊಂಬತ್ತು ಸೂತ್ರ’ಗಳಿಗೆ ಸಹಿ ಹಾಕಬೇಕೆಂಬ ನಿಯಮ ಬಂದದ್ದೂ 1581ರಲ್ಲೇ. ನಿಷ್ಠಾವಂತ ಕ್ಯಾಥೋಲಿಕ್ ಒಬ್ಬ ಸುಳ್ಳು ಹೇಳದೆ ಆ ಸಹಿ ಹಾಕುವಂತಿರಲಿಲ್ಲ. 1589ರ ಜುಲೈ 5ರಂದು ಇಬ್ಬರು ಗುರುಗಳು ಮತ್ತು ಅವರಿಗೆ ನೆರವಾದ ಇಬ್ಬರು ಗೃಹಸ್ಥರನ್ನು ಆಕ್ಸ್‌ಫರ್ಡ್‌ನಲ್ಲೇ ಕೊಲ್ಲಲಾಯಿತು. ಮುಂದೆ ಎರಡನೆಯ ಜೇಮ್ಸ್ ದೊರೆಯ ಕಾಲದಲ್ಲಿ ಯೂನಿವರ್ಸಿಟಿ ಕಾಲೇಜಿನ ಮುಖ್ಯಸ್ಥ ಒಬಡಾಯ ವಾಕರ್ ಬಹಿರಂಗವಾಗಿ ಕ್ಯಾಥೋಲಿಕ್ ಪೂಜೆ ನಡೆಸಿದ್ದೂ, 1687ರಲ್ಲಿ ದೊರೆಯು ಮಾಡ್ಲಿನ್ ಕಾಲೇಜಿನ ಮೇಲೆ ತನ್ನ ಇಚ್ಛೆಯ ಮುಖ್ಯಸ್ಥರನ್ನು ಹೇರಲು ಹೋದದ್ದೂ 1688ರ ಕ್ರಾಂತಿಯೊಂದಿಗೆ ಮುಗಿದುಹೋದವು. ಒತ್ತಾಯದಿಂದ ಬಂದ ಈ ಮರುಪ್ರವೇಶವು ಕ್ಯಾಥೋಲಿಕರಿಗೆ ಲಾಭಕ್ಕಿಂತ ನಷ್ಟವನ್ನೇ ತಂದಿತೆನ್ನಬೇಕು.

ನ್ಯೂಮನ್ ಮತ್ತು ಆಕ್ಸ್‌ಫರ್ಡ್ ಚಳವಳಿ

ಕ್ಯಾಥೋಲಿಕ್ ಚಿಂತನೆ ಆಕ್ಸ್‌ಫರ್ಡ್‌ಗೆ ಮರಳಿದ್ದು ಅಲ್ಲಿನ ಆಂಗ್ಲಿಕನ್ನರ ಮೂಲಕವೇ. 1833ರ ಜುಲೈನಲ್ಲಿ ಜಾನ್ ಕೀಬಲ್ ಸೇಂಟ್ ಮೇರಿ ಚರ್ಚಿನಲ್ಲಿ ಮಾಡಿದ ಪ್ರವಚನದಿಂದ ಆರಂಭವಾಯಿತೆಂದು ಹೇಳಲಾಗುವ ‘ಆಕ್ಸ್‌ಫರ್ಡ್ ಚಳವಳಿ’ಯು ಇಂಗ್ಲೆಂಡಿನ ಚರ್ಚಿನ ಪ್ರಾಚೀನ ಕ್ಯಾಥೋಲಿಕ್ ಬೇರುಗಳನ್ನು ಹುಡುಕಿತು. ಅದರ ಪ್ರಮುಖ ಪ್ರತಿಭೆ, ಓರಿಯಲ್ ಕಾಲೇಜಿನ ಫೆಲೊ ಮತ್ತು ಸೇಂಟ್ ಮೇರಿ ಚರ್ಚಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ (1801–1890). ಮೂವತ್ತೊಂಬತ್ತು ಸೂತ್ರಗಳನ್ನು ಕ್ಯಾಥೋಲಿಕ್ ಅರ್ಥದಲ್ಲಿಯೂ ಓದಬಹುದೆಂದು ವಾದಿಸಿದ ಅವರ 1841ರ ತೊಂಬತ್ತನೆಯ ಕಿರುಹೊತ್ತಗೆ ದೊಡ್ಡ ವಿವಾದ ಎಬ್ಬಿಸಿತು. ಸೇಂಟ್ ಜೈಲ್ಸ್ ಬೀದಿಯ ದಕ್ಷಿಣ ತುದಿಯಲ್ಲಿ ಪ್ರೊಟೆಸ್ಟಂಟ್ ಹುತಾತ್ಮರ ಸ್ಮಾರಕಸ್ತಂಭ ಎದ್ದದ್ದು ಇದೇ ವರ್ಷಗಳಲ್ಲಿ. ಅದಕ್ಕಾಗಿ ಹಣ ಸಂಗ್ರಹಿಸಿದವರ ಒಂದು ಗುರಿ ನ್ಯೂಮನ್ ಬಳಗವನ್ನು ಇಕ್ಕಟ್ಟಿಗೆ ಸಿಲುಕಿಸುವುದಾಗಿತ್ತು.

1845ರ ಅಕ್ಟೋಬರ್ 9ರಂದು ಆಕ್ಸ್‌ಫರ್ಡ್ ಸಮೀಪದ ಲಿಟಲ್‌ಮೋರ್‌ನಲ್ಲಿ ಇಟಲಿಯ ಗುರು ಡೊಮಿನಿಕ್ ಬಾರ್ಬೆರಿ ಅವರಿಂದ ನ್ಯೂಮನ್ ಕ್ಯಾಥೋಲಿಕ್ ಧರ್ಮಸಭೆಗೆ ಸೇರಿದರು. ಮರುವರ್ಷ ಊರು ಬಿಟ್ಟರು. ಅದು ಕೇವಲ ಮತಾಂತರವಾಗಿರಲಿಲ್ಲ. ಆಗಿನ ನಿಯಮದಡಿ ಕಾಲೇಜು, ಸ್ನೇಹವಲಯ, ಜೀವನೋಪಾಯ ಎಲ್ಲವನ್ನೂ ಕಳೆದುಕೊಳ್ಳುವುದೇ ಅದರ ಅರ್ಥವಾಗಿತ್ತು. ಮುಂದೆ ಡಬ್ಲಿನ್‌ನಲ್ಲಿ ಆರಂಭವಾದ ಐರ್ಲೆಂಡಿನ ಕ್ಯಾಥೋಲಿಕ್ ವಿಶ್ವವಿದ್ಯಾಲಯಕ್ಕೆ ಅವರು 1854ರಿಂದ 1858ರವರೆಗೆ ಮುಖ್ಯಸ್ಥರಾಗಿದ್ದರು. ಅದಕ್ಕೆ ಪೂರ್ವಭಾವಿಯಾಗಿ 1852ರಲ್ಲಿ ನೀಡಿದ ಉಪನ್ಯಾಸಗಳು ‘ವಿಶ್ವವಿದ್ಯಾಲಯದ ಪರಿಕಲ್ಪನೆ’ ಎಂಬ ಪ್ರಸಿದ್ಧ ಗ್ರಂಥದ ತಿರುಳಾದವು. ಜ್ಞಾನ ತನಗೆ ತಾನೇ ಬೆಲೆಯುಳ್ಳದ್ದು, ದೇವಶಾಸ್ತ್ರವನ್ನು ಹೊರಗಿಟ್ಟ ವಿಶ್ವವಿದ್ಯಾಲಯ ಅಪೂರ್ಣ ಎಂಬುದು ಅಲ್ಲಿನ ವಾದ. ಪಾಠವಿಲ್ಲದಿದ್ದರೂ ಒಟ್ಟಿಗೆ ವಾಸಿಸುವ ಯುವಕರು ಒಬ್ಬರಿಂದೊಬ್ಬರು ಕಲಿಯುತ್ತಾರೆ, ಒಟ್ಟು ವಾಸವಿಲ್ಲದೆ ಬರೀ ಪರೀಕ್ಷೆ ನಡೆಸುವ ಸಂಸ್ಥೆಗಿಂತ ಅದೇ ಮೇಲು ಎಂದೂ ಅವರು ಬರೆದರು. ಡಬ್ಲಿನ್‌ಗಾಗಿ ಬರೆದರೂ ಅವರ ಕಣ್ಣ ಮುಂದೆ ಇದ್ದದ್ದು ಆಕ್ಸ್‌ಫರ್ಡ್ ಎಂಬುದು ಓದುಗರಿಗೆ ಬೇಗ ತಿಳಿಯುತ್ತದೆ.

ಬಿಷಪ್ಪರ ನಿಷೇಧ

1854ರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕಾಯ್ದೆಯು ಪ್ರವೇಶ ಮತ್ತು ಮೊದಲ ಪದವಿಗೆ ಬೇಕಾಗಿದ್ದ ಧಾರ್ಮಿಕ ಸಹಿಯನ್ನು ರದ್ದುಪಡಿಸಿತು. ಕಾಲೇಜುಗಳ ಫೆಲೊ ಸ್ಥಾನವೂ ಉನ್ನತ ಪದವಿಗಳೂ 1871ರ ಕಾಯ್ದೆಯಿಂದ ಎಲ್ಲ ಮತದವರಿಗೆ ತೆರೆದವು. ಆದರೆ ಈಗ ತಡೆ ಎದುರಾದದ್ದು ಒಳಗಿನಿಂದ.

ಬರ್ಮಿಂಗ್‌ಹ್ಯಾಮ್‌ನ ಬಿಷಪ್ ಉಲ್ಲಥಾರ್ನ್ ಅವರ ಆಹ್ವಾನದ ಮೇರೆಗೆ ನ್ಯೂಮನ್ 1864ರಲ್ಲಿ ಆಕ್ಸ್‌ಫರ್ಡ್‌ನ ಹಳೆಯ ನಿರ್ಗತಿಕರ ದುಡಿಮೆಮನೆಯ ಜಾಗವನ್ನು ಕೊಂಡರು. ಸಂತ ಫಿಲಿಪ್ ನೇರಿ ಸ್ಥಾಪಿಸಿದ ಒರೆಟರಿ ಎಂಬ ಗುರುಸಂಘದ ಮನೆಯೊಂದನ್ನು ಅಲ್ಲಿ ಕಟ್ಟಿ ಕ್ಯಾಥೋಲಿಕ್ ವಿದ್ಯಾರ್ಥಿಗಳಿಗೆ ಆಸರೆಯಾಗಬೇಕೆಂಬುದು ಅವರ ಇಚ್ಛೆ. ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಮತ್ತು ಅವರ ಸಂಗಡಿಗರು ಇದನ್ನು ವಿರೋಧಿಸಿದರು. ಮ್ಯಾನಿಂಗ್ ಸ್ವತಃ ಬೇಲಿಯಲ್ ಕಾಲೇಜಿನ ಪದವೀಧರರು, ಮರ್ಟನ್ ಕಾಲೇಜಿನ ಫೆಲೊ ಆಗಿದ್ದವರು, ಆಂಗ್ಲಿಕನ್ ಪಾದ್ರಿಯಾಗಿದ್ದು ಮತಾಂತರಗೊಂಡವರು. 1865ರಲ್ಲಿ ಅವರು ವೆಸ್ಟ್‌ಮಿನ್‌ಸ್ಟರ್‌ನ ಮಹಾಧರ್ಮಾಧ್ಯಕ್ಷರಾದರು. ಆಕ್ಸ್‌ಫರ್ಡ್ ಈಗ ಆಂಗ್ಲಿಕನ್ ಕೂಡ ಆಗಿ ಉಳಿದಿಲ್ಲ, ಅಲ್ಲಿ ಸಂದೇಹವಾದವೇ ಬೆಳೆಯುತ್ತಿದೆ, ಅಂಥ ಕಡೆಗೆ ಎಳೆಯರನ್ನು ಕಳಿಸುವುದೆಂದರೆ ಅವರ ನಂಬಿಕೆಯನ್ನು ಪಣಕ್ಕಿಟ್ಟಂತೆ ಎಂಬುದು ಅವರ ನಿಲುವು. ಎಲ್ಲ ಕ್ಯಾಥೋಲಿಕ್ ಯುವಕರನ್ನೂ ಜಗತ್ತಿನಿಂದ ಮುಚ್ಚಿಡಲು ಸಾಧ್ಯವಿಲ್ಲವಾದ್ದರಿಂದ ಅವರಿಗೆ ಅಲ್ಲಿಯೇ ಬಲವಾದ ಮಾರ್ಗದರ್ಶನ ಒದಗಿಸಬೇಕೆಂಬುದು ನ್ಯೂಮನ್ ನಿಲುವು. ನ್ಯೂಮನ್‌ರಂಥ ವ್ಯಕ್ತಿ ಆಕ್ಸ್‌ಫರ್ಡ್‌ನಲ್ಲಿ ನೆಲಸಿದರೆ ಅದೇ ಒಂದು ಆಕರ್ಷಣೆಯಾಗಿ ಕ್ಯಾಥೋಲಿಕ್ ಕುಟುಂಬಗಳು ಮಕ್ಕಳನ್ನು ಅಲ್ಲಿಗೆ ಕಳಿಸಿಬಿಡುತ್ತವೆಂಬ ಭಯವೂ ವಿರೋಧಿಗಳಿಗಿತ್ತು.

ನ್ಯೂಮನ್ ಜಾಗವನ್ನು ವಿಶ್ವವಿದ್ಯಾಲಯಕ್ಕೇ ಮಾರಿದರು. ವಿಶ್ವವಿದ್ಯಾಲಯದ ಆಡಳಿತ ಕಚೇರಿಗಳಿರುವ ಇಂದಿನ ವೆಲಿಂಗ್ಟನ್ ಚೌಕ ಅದೇ ಜಾಗ. 1866ರಲ್ಲಿ ಎರಡನೆಯ ಪ್ರಯತ್ನ ನಡೆಯಿತು. 1867ರಲ್ಲಿ ರೋಮಿನ ಧರ್ಮಪ್ರಸಾರ ಮಂಡಳಿಯು ಮಕ್ಕಳನ್ನು ಆ ವಿಶ್ವವಿದ್ಯಾಲಯಗಳಿಗೆ ಕಳಿಸದಂತೆ ಪೋಷಕರಿಗೆ ತಿಳಿಹೇಳಬೇಕೆಂದು ಬಿಷಪ್ಪರಿಗೆ ಸೂಚಿಸಿದ್ದರಿಂದ ಅದೂ ನಿಂತಿತು. ಇದಕ್ಕೆ ಪರ್ಯಾಯವೆಂದು 1870ರ ದಶಕದಲ್ಲಿ ಮ್ಯಾನಿಂಗ್ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಆರಂಭಿಸಿದ ಕ್ಯಾಥೋಲಿಕ್ ವಿಶ್ವವಿದ್ಯಾಲಯ ಕಾಲೇಜು ವಿದ್ಯಾರ್ಥಿಗಳ ಕೊರತೆ ಹಾಗೂ ಹಣದ ಗೊಂದಲದಲ್ಲಿ ಕೆಲವೇ ವರ್ಷಗಳಲ್ಲಿ ಕುಸಿಯಿತು.

ನಿಷೇಧ ಕಾಗದದ ಮೇಲಿದ್ದರೂ ಆಕ್ಸ್‌ಫರ್ಡ್‌ನಲ್ಲಿ ಕ್ಯಾಥೋಲಿಕರು ಇಲ್ಲವಾಗಲಿಲ್ಲ. ಕೆಲವರು ಅಲ್ಲಿದ್ದಾಗಲೇ ಮತಾಂತರಗೊಂಡವರು, ಕೆಲವರು ಅನುಮತಿ ಪಡೆದು ಬಂದವರು. ಬೇಲಿಯಲ್‌ನ ವಿದ್ಯಾರ್ಥಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1866ರ ಅಕ್ಟೋಬರ್‌ನಲ್ಲಿ ನ್ಯೂಮನ್‌ರಿಂದಲೇ ಧರ್ಮಸಭೆಗೆ ಸೇರಿದರು. ಮುಂದೆ ಯೇಸುಸಭೆಯ ಗುರುವಾಗಿ 1878ರ ಕೊನೆಯಲ್ಲಿ ಆಕ್ಸ್‌ಫರ್ಡ್‌ಗೆ ಮರಳಿ, ಸಂತ ಅಲೋಶಿಯಸ್ ಚರ್ಚಿನಲ್ಲಿ ಸುಮಾರು ಹತ್ತು ತಿಂಗಳು ಸಹಾಯಕ ಗುರುವಾಗಿದ್ದರು. ಡನ್ಸ್ ಸ್ಕೋಟಸ್‌ನ ಆಕ್ಸ್‌ಫರ್ಡನ್ನು ನೆನೆಯುವ ಮತ್ತು ಬಿನ್ಸಿಯಲ್ಲಿ ಕಡಿದುಹಾಕಿದ ಮರಗಳಿಗಾಗಿ ಮರುಗುವ ಅವರ ಎರಡು ಪ್ರಸಿದ್ಧ ಕವಿತೆಗಳು ಈ ಅವಧಿಯವು. ಕವಿಯಾಗಿ ಅವರು ಜಗತ್ತಿಗೆ ಗೊತ್ತಾದದ್ದು ತೀರಿಕೊಂಡ ಇಪ್ಪತ್ತೊಂಬತ್ತು ವರ್ಷಗಳ ಬಳಿಕ, 1918ರಲ್ಲಿ, ಆಕ್ಸ್‌ಫರ್ಡ್‌ನ ಗೆಳೆಯ ರಾಬರ್ಟ್ ಬ್ರಿಜಸ್ ಕವಿತೆಗಳನ್ನು ಪ್ರಕಟಿಸಿದಾಗ.

ಹಾಪ್ಕಿನ್ಸ್ ಸೇವೆ ಸಲ್ಲಿಸಿದ ಸಂತ ಅಲೋಶಿಯಸ್ ಚರ್ಚು 1875ರ ನವೆಂಬರ್ 23ರಂದು ತೆರೆಯಿತು. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಯೇಸುಸಭೆಯ ಕಾಲೇಜು ಹೊತ್ತಿರುವುದೂ ಇದೇ ಸಂತನ ಹೆಸರನ್ನು. ಆಕ್ಸ್‌ಫರ್ಡ್‌ನ ಚರ್ಚಿನ ಉದ್ಘಾಟನೆಯಲ್ಲಿ ಪ್ರವಚನ ನೀಡಿದವರು ಕಾರ್ಡಿನಲ್ ಮ್ಯಾನಿಂಗ್. 1878ರಲ್ಲಿ ವಿದ್ಯಾರ್ಥಿಗಳ ಕ್ಯಾಥೋಲಿಕ್ ಕ್ಲಬ್ ಹುಟ್ಟಿಕೊಂಡಿತು. ಹತ್ತು ವರ್ಷದ ಬಳಿಕ ಅದು ನ್ಯೂಮನ್ ಸೊಸೈಟಿ ಎಂಬ ಹೆಸರು ಪಡೆಯಿತು. ಲೋಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ನ್ಯೂಮನ್ ಹೆಸರಿನ ಕ್ಯಾಥೋಲಿಕ್ ವಿದ್ಯಾರ್ಥಿ ಸಂಘಗಳಿವೆ, ಇದು ಅವುಗಳಲ್ಲಿ ಹಿರಿಯದು. ಅದೇ 1878ರಲ್ಲಿ ನ್ಯೂಮನ್ ಟ್ರಿನಿಟಿ ಕಾಲೇಜಿನ ಗೌರವ ಫೆಲೊ ಆಗಿ, ಮೂವತ್ತೆರಡು ವರ್ಷಗಳ ಬಳಿಕ ಮೊದಲ ಬಾರಿಗೆ ಆಕ್ಸ್‌ಫರ್ಡ್‌ಗೆ ಕಾಲಿಟ್ಟರು. ಮರುವರ್ಷ ಅವರು ಕಾರ್ಡಿನಲ್ ಆದರು.

ಮ್ಯಾನಿಂಗ್ 1892ರಲ್ಲಿ ನಿಧನರಾದರು. 1895ರಲ್ಲಿ ಬಿಷಪ್ಪರ ಕೋರಿಕೆಯಂತೆ ರೋಮ್ ನಿಷೇಧವನ್ನು ಸಡಿಲಿಸಿತು. ಕ್ಯಾಥೋಲಿಕ್ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಗುರು (ಚಾಪ್ಲಿನ್) ಇರಬೇಕು ಮತ್ತು ಧರ್ಮ, ತತ್ತ್ವಶಾಸ್ತ್ರಗಳ ಕುರಿತು ನಿಯತ ಉಪನ್ಯಾಸಗಳು ನಡೆಯಬೇಕು ಎಂಬ ಷರತ್ತುಗಳು ಅದಕ್ಕಿದ್ದವು. ಹೀಗೆ ಮ್ಯಾನಿಂಗ್‌ರ ಆತಂಕಕ್ಕೆ ಉತ್ತರವಾಗಿ ಬಂದ ಷರತ್ತೇ ನ್ಯೂಮನ್ ಬಯಸಿದ್ದ ವ್ಯವಸ್ಥೆಗೆ ಬುನಾದಿಯಾಯಿತು. ಲೇಖಕ ಹಿಲೇರ್ ಬೆಲಕ್ ಈ ಆದೇಶಕ್ಕೂ ಮುಂಚೆ, 1893ರಲ್ಲಿಯೇ, ಬೇಲಿಯಲ್ ಸೇರಿ 1895ರಲ್ಲಿ ವಿದ್ಯಾರ್ಥಿಗಳ ಪ್ರಸಿದ್ಧ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿದ್ದರು. ಆಲ್ ಸೋಲ್ಸ್ ಕಾಲೇಜಿನ ಫೆಲೊ ಸ್ಥಾನ ತಮಗೆ ತಪ್ಪಿದ್ದಕ್ಕೆ ತಮ್ಮ ಧರ್ಮವೇ ಕಾರಣವೆಂದು ಅವರು ಕೊನೆಯವರೆಗೂ ನಂಬಿದ್ದರು.

ಸನ್ಯಾಸಿ ಸಭೆಗಳ ಹಾಲ್‌ಗಳು

ಯೇಸುಸಭೆಯ ರಿಚರ್ಡ್ ಕ್ಲಾರ್ಕ್ 1896ರಲ್ಲಿ ಒಂದು ಖಾಸಗಿ ಹಾಲ್ ತೆರೆದರು. ಅಂದಿನ ನಿಯಮದಂತೆ ಖಾಸಗಿ ಹಾಲ್‌ಗೆ ಅದರ ಮುಖ್ಯಸ್ಥನ ಹೆಸರೇ ಇರಬೇಕಾಗಿದ್ದರಿಂದ ಅದು ಕ್ಲಾರ್ಕ್ಸ್ ಹಾಲ್ ಆಯಿತು. ಮುಖ್ಯಸ್ಥರು ಬದಲಾದಂತೆ ಹೆಸರೂ ಬದಲಾಗಿ, ಒಂದು ಹಂತದಲ್ಲಿ ಯೇಸುಸಭೆಯ ಸಂಸ್ಥೆಗೆ ‘ಪೋಪ್ಸ್ ಹಾಲ್’ ಎಂಬ ಹೆಸರು ಬಂದಿತು. ಕಾರಣ ಇಷ್ಟೇ, ಆಗಿನ ಮುಖ್ಯಸ್ಥರ ಉಪನಾಮ ಪೋಪ್ ಎಂದಿತ್ತು. 1918ರಲ್ಲಿ ಕಾಯಂ ಖಾಸಗಿ ಹಾಲ್ ಎಂಬ ಮಾನ್ಯತೆ ದೊರೆತು ಎಡ್ಮಂಡ್ ಕ್ಯಾಂಪಿಯನ್‌ರ ಹೆಸರು ನೆಲೆಗೊಂಡಿತು. ಆ್ಯಂಪಲ್‌ಫರ್ತ್ ಮಠದ ಬೆನೆಡಿಕ್ಟೈನರು 1897ರಲ್ಲಿ ಆರಂಭಿಸಿದ ಹಾಲ್ ಸೇಂಟ್ ಬೆನೆಟ್ಸ್ ಎನಿಸಿತು. ಕಪುಚಿನ್ ಸಭೆಯವರು 1910ರಲ್ಲಿ ಬಂದು ನೆಲಸಿದ ಮನೆ ಮುಂದೆ ಗ್ರೇಫ್ರಾಯರ್ಸ್ ಹಾಲ್ ಆಯಿತು.

ಬ್ರೂಅರ್ ಬೀದಿಯಲ್ಲಿರುವ ಕ್ಯಾಂಪಿಯನ್ ಹಾಲ್‌ನ ಈಗಿನ ಕಟ್ಟಡ 1936ರಲ್ಲಿ ಸಿದ್ಧವಾಯಿತು. ಅದರ ವಾಸ್ತುಶಿಲ್ಪಿ ಹೊಸದಿಲ್ಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್. ದಿಲ್ಲಿಗಾಗಿ ಅವರು ಕಲ್ಪಿಸಿದ, ಭಾರತದ ದೇವಾಲಯಗಳ ಗಂಟೆಗಳನ್ನು ನೆನಪಿಸುವ ಕಂಬದ ಅಲಂಕಾರ ಆಕ್ಸ್‌ಫರ್ಡ್‌ನ ಈ ಪುಟ್ಟ ಕಟ್ಟಡದಲ್ಲಿಯೂ ಕಾಣಿಸಿಕೊಂಡಿದೆ. 1933ರಿಂದ 1945ರವರೆಗೆ ಮುಖ್ಯಸ್ಥರಾಗಿದ್ದ ಮಾರ್ಟಿನ್ ಡಾರ್ಸಿ ತತ್ತ್ವಜ್ಞಾನಿ, ಕಲಾಸಂಗ್ರಾಹಕ ಮತ್ತು ಮಾತುಗಾರ. ಅವರು ಕೂಡಿಹಾಕಿದ ಚಿತ್ರಗಳೂ ಧಾರ್ಮಿಕ ವಸ್ತುಗಳೂ ಹಾಲ್‌ನ ಗೋಡೆಗಳನ್ನು ತುಂಬಿದವು. 1930ರಲ್ಲಿ ಅವರು ಧರ್ಮಸಭೆಗೆ ಸೇರಿಸಿಕೊಂಡಿದ್ದ ಕಾದಂಬರಿಕಾರ ಈವ್ಲಿನ್ ವಾ ಕ್ಯಾಂಪಿಯನ್‌ರ ಜೀವನಚರಿತ್ರೆ ಬರೆದು (1935) ಅದರ ಗೌರವಧನವನ್ನು ಹಾಲ್‌ಗೆ ನೀಡಿದರು. ಮಾತೆ ಮರಿಯಳ ಪ್ರಾರ್ಥನಾಲಯದ ಭಿತ್ತಿಚಿತ್ರಗಳು ಚಾರ್ಲ್ಸ್ ಮಹೋನಿ ಅವರವು.

ಇವೆಲ್ಲ ಉಳ್ಳವರ ಲೋಕದ ಕಥೆಗಳೆಂಬ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಇಂಗ್ಲೆಂಡಿನ ಕ್ಯಾಥೋಲಿಕರಲ್ಲಿ ಬಹುಸಂಖ್ಯಾತರು ಐರ್ಲೆಂಡಿನಿಂದ ವಲಸೆ ಬಂದ ಕಾರ್ಮಿಕರು ಮತ್ತು ಅವರ ಮಕ್ಕಳು. ಆಕ್ಸ್‌ಫರ್ಡ್ ತಲುಪಿದವರಲ್ಲಿ ಹೆಚ್ಚಿನವರು ಸ್ಟೋನಿಹರ್ಸ್ಟ್, ಡೌನ್‌ಸೈಡ್, ಆ್ಯಂಪಲ್‌ಫರ್ತ್‌ನಂಥ ದುಬಾರಿ ವಸತಿ ಶಾಲೆಗಳಿಂದ ಬಂದವರು. ಇದಕ್ಕೆ ಒಂದು ಅಪವಾದವೆಂದರೆ ಕ್ಯಾಂಪಿಯನ್ ಹಾಲ್‌ನ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಪ್ಲೇಟರ್ ಅವರ ನೆನಪಿನಲ್ಲಿ 1921ರಲ್ಲಿ ಆರಂಭವಾದ ಕ್ಯಾಥೋಲಿಕ್ ಕಾರ್ಮಿಕರ ಕಾಲೇಜು. ಶಾಲೆ ಬಿಟ್ಟು ದುಡಿಮೆಗೆ ಸೇರಿದ್ದ ಸ್ತ್ರೀಪುರುಷರಿಗೆ ಅರ್ಥಶಾಸ್ತ್ರ, ರಾಜಕೀಯ ಮತ್ತು ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಕಲಿಸಿದ ಈ ಸಂಸ್ಥೆ ಮುಂದೆ ಪ್ಲೇಟರ್ ಕಾಲೇಜೆನಿಸಿ 2005ರಲ್ಲಿ ಮುಚ್ಚಿತು. 1944ರ ಶಿಕ್ಷಣ ಕಾಯ್ದೆಯ ನಂತರ ಸಾಮಾನ್ಯ ಕುಟುಂಬಗಳ ಕ್ಯಾಥೋಲಿಕ್ ವಿದ್ಯಾರ್ಥಿಗಳೂ ಹೆಚ್ಚಾಗಿ ಬರತೊಡಗಿದರು.

ಚಾಪ್ಲಿನ್ ಮನೆ ಮತ್ತು ರೊನಾಲ್ಡ್ ನಾಕ್ಸ್

ವಿದ್ಯಾರ್ಥಿಗಳ ಗುರುವಿನ ನಿವಾಸ ಇಪ್ಪತ್ತನೆಯ ಶತಮಾನದಲ್ಲಿ ಸೇಂಟ್ ಆಲ್ಡೇಟ್ಸ್ ಬೀದಿಯ ‘ಹಳೆಯ ಅರಮನೆ’ ಎಂಬ ಕಟ್ಟಡದಲ್ಲಿ ನೆಲೆಯೂರಿತು. 1926ರಿಂದ 1939ರವರೆಗೆ ಅಲ್ಲಿ ಗುರುವಾಗಿದ್ದ ರೊನಾಲ್ಡ್ ನಾಕ್ಸ್ ಆಂಗ್ಲಿಕನ್ ಬಿಷಪ್ ಒಬ್ಬರ ಮಗ. ಟ್ರಿನಿಟಿ ಕಾಲೇಜಿನ ಆಂಗ್ಲಿಕನ್ ಚಾಪ್ಲಿನ್ ಆಗಿದ್ದು 1917ರಲ್ಲಿ ಮತಾಂತರಗೊಂಡವರು. ಪತ್ತೇದಾರಿ ಕಾದಂಬರಿಗಳನ್ನು ಬರೆದು ಆದಾಯ ಗಳಿಸುತ್ತಿದ್ದ ಅವರು ಆ ಪ್ರಕಾರದ ಬರವಣಿಗೆಗೆ ಹತ್ತು ಕಟ್ಟಳೆಗಳನ್ನೂ ವಿನೋದವಾಗಿ ರಚಿಸಿದ್ದರು. ಭಾನುವಾರದ ಬಲಿಪೂಜೆಯ ಬಳಿಕ ಅವರು ನಡೆಸುತ್ತಿದ್ದ ಉಪನ್ಯಾಸಗಳು 1895ರ ಷರತ್ತಿನ ನೇರ ಫಲ. ದೇವರ ಅಸ್ತಿತ್ವ, ಪವಾಡ, ದುಃಖ, ವಿವಾಹ ಮುಂತಾದ ವಿಷಯಗಳನ್ನು ಹಗುರ ಧಾಟಿಯಲ್ಲಿ, ಆದರೆ ತರ್ಕ ಬಿಡದೆ ಮಂಡಿಸಿದ ಆ ಮಾತುಗಳು 1942ರಲ್ಲಿ ಪುಸ್ತಕವಾದವು. ಆಕ್ಸ್‌ಫರ್ಡ್ತೊರೆದ ಮೇಲೆ ನಾಕ್ಸ್ ಇಡೀ ಬೈಬಲನ್ನು ಒಬ್ಬರೇ ಇಂಗ್ಲಿಷಿಗೆ ಅನುವಾದಿಸಿದರು.

ನಾಕ್ಸ್ ಅವರ ಹೊಣೆ ಪುರುಷ ವಿದ್ಯಾರ್ಥಿಗಳಿಗೆ ಸೀಮಿತವಾಗಿತ್ತು. ಮಹಿಳೆಯರಿಗೆ ವಿಶ್ವವಿದ್ಯಾಲಯ ಪದವಿ ನೀಡತೊಡಗಿದ್ದೇ 1920ರಲ್ಲಿ. ಅದಕ್ಕೂ ಮುಂಚೆ, ಶತಮಾನದ ಮೊದಲ ದಶಕದಲ್ಲಿಯೇ, ಪವಿತ್ರ ಬಾಲಯೇಸು ಸಭೆಯ ಸನ್ಯಾಸಿನಿಯರು ಚೆರ್ವೆಲ್ ಎಡ್ಜ್ ಎಂಬ ಮನೆಯಲ್ಲಿ ಕ್ಯಾಥೋಲಿಕ್ ವಿದ್ಯಾರ್ಥಿನಿಯರಿಗೆ ವಸತಿ ಒದಗಿಸಿದ್ದರು. ಅದು ಈಗ ಲಿನೇಕರ್ ಕಾಲೇಜಿನ ಭಾಗ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ವಿದ್ಯಾರ್ಥಿನಿಯರೂ ಹಳೆಯ ಅರಮನೆಯ ಚಟುವಟಿಕೆಗಳ ಪಾಲುದಾರರಾದರು.

ಬ್ಲ್ಯಾಕ್‌ಫ್ರಾಯರ್ಸ್

ಡೊಮಿನಿಕನ್ನರು ಮೊದಲು ಬಂದ ದಿನಕ್ಕೆ ಸರಿಯಾಗಿ ಏಳುನೂರು ವರ್ಷ ತುಂಬಿದ 1921ರ ಆಗಸ್ಟ್ 15ರಂದು ಬೀಡ್ ಜ್ಯಾರೆಟ್ ಅವರ ಮುಂದಾಳತ್ವದಲ್ಲಿ ಸೇಂಟ್ ಜೈಲ್ಸ್ ಬೀದಿಯಲ್ಲಿ ಬ್ಲ್ಯಾಕ್‌ಫ್ರಾಯರ್ಸ್ ಮಠಕ್ಕೆ ಅಡಿಗಲ್ಲು ಹಾಕಲಾಯಿತು. 1929ರಲ್ಲಿ ಅದರ ಚರ್ಚು ಪೂರ್ಣಗೊಂಡಿತು. ಥಾಮಸ್ ಅಕ್ವಿನಾಸರ ಚಿಂತನೆಯನ್ನು ಆಧುನಿಕ ತತ್ತ್ವಶಾಸ್ತ್ರದ ಜೊತೆ ಮಾತಿಗೆ ಕೂರಿಸಿದ್ದು ಈ ಮಠದ ಮುಖ್ಯ ಕೊಡುಗೆ.

ಮಠದ ಹೆಸರಿನದೇ ಪತ್ರಿಕೆ 1964ರಲ್ಲಿ ‘ನ್ಯೂ ಬ್ಲ್ಯಾಕ್‌ಫ್ರಾಯರ್ಸ್’ ಎಂದು ಹೊಸ ರೂಪ ಪಡೆಯಿತು. ಸಂಪಾದಕರಾದ ಹರ್ಬರ್ಟ್ ಮೆಕೇಬ್, ಪ್ರಮುಖ ದೇವಶಾಸ್ತ್ರಜ್ಞ ಚಾರ್ಲ್ಸ್ ಡೇವಿಸ್ ಧರ್ಮಸಭೆಯನ್ನು ತೊರೆದ ಸಂದರ್ಭದಲ್ಲಿ, 1967ರ ಫೆಬ್ರುವರಿಯಲ್ಲಿ ಒಂದು ಸಂಪಾದಕೀಯ ಬರೆದರು. ಧರ್ಮಸಭೆ ಭ್ರಷ್ಟವಾಗಿರುವುದು ಕಣ್ಣಿಗೆ ಕಾಣುವ ಸಂಗತಿ, ಆದರೆ ಅದು ಬಿಟ್ಟುಹೋಗಲು ಕಾರಣವಲ್ಲ ಎಂಬುದು ಅದರ ತಿರುಳು. ಮೊದಲ ಅರ್ಧ ಮಾತ್ರ ಅಧಿಕಾರಿಗಳ ಕಿವಿಗೆ ಬಿದ್ದಂತಿದೆ. ಮೆಕೇಬ್‌ರನ್ನು ಸಂಪಾದಕ ಸ್ಥಾನದಿಂದ ತೆಗೆದುಹಾಕಲಾಯಿತು. 1970ರಲ್ಲಿ ಅದೇ ಸ್ಥಾನಕ್ಕೆ ಮರಳಿದ ಅವರು, ನಡುವೆ ಯಾರೋ ಮಾತು ತಡೆದಿದ್ದರೆಂಬಂತೆ ಹಿಂದಿನ ವಾಕ್ಯವನ್ನೇ ಮುಂದುವರಿಸುವ ಧಾಟಿಯಲ್ಲಿ ಮೊದಲ ಸಂಪಾದಕೀಯ ಆರಂಭಿಸಿದರು. ಬ್ಲ್ಯಾಕ್‌ಫ್ರಾಯರ್ಸ್ 1994ರಲ್ಲಿ ವಿಶ್ವವಿದ್ಯಾಲಯದ ಖಾಸಗಿ ಹಾಲ್ ಆಯಿತು. ಇದೇ ಮಠದ ತಿಮೊಥಿ ರ‍್ಯಾಡ್‌ಕ್ಲಿಫ್ 1992ರಿಂದ 2001ರವರೆಗೆ ಡೊಮಿನಿಕನ್ ಸಭೆಯ ಜಾಗತಿಕ ಮುಖ್ಯಸ್ಥರಾಗಿದ್ದು, 2024ರ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಆದರು.

ಸಾಹಿತ್ಯ ಮತ್ತು ತತ್ತ್ವಶಾಸ್ತ್ರ

ಜೆ. ಆರ್. ಆರ್. ಟೋಲ್ಕಿನ್ ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡ ಮೇಲೆ ನ್ಯೂಮನ್ ಸ್ಥಾಪಿಸಿದ ಬರ್ಮಿಂಗ್‌ಹ್ಯಾಮ್ ಒರೆಟರಿಯ ಗುರು ಫ್ರಾನ್ಸಿಸ್ ಮಾರ್ಗನ್ ಅವರ ಪೋಷಣೆಯಲ್ಲಿ ಬೆಳೆದರು. 1925ರಿಂದ 1959ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ‘ಇಂಕ್ಲಿಂಗ್ಸ್’ ಎಂಬ ಲೇಖಕ ಗೆಳೆಯರ ಕೂಟದ ಸದಸ್ಯರು. ಅದರ ಇನ್ನೊಬ್ಬ ಪ್ರಮುಖ ಸದಸ್ಯ ಸಿ. ಎಸ್. ಲೂಯಿಸ್ ನಾಸ್ತಿಕತೆಯಿಂದ ಕ್ರೈಸ್ತ ಶ್ರದ್ಧೆಗೆ ಮರಳಿದ್ದರಲ್ಲಿ ಟೋಲ್ಕಿನ್‌ರೊಂದಿಗೆ 1931ರ ಸೆಪ್ಟೆಂಬರ್‌ನ ಒಂದು ರಾತ್ರಿ ನಡೆದ ಸಂಭಾಷಣೆಯ ಪಾತ್ರ ದೊಡ್ಡದು. ಲೂಯಿಸ್ ಸೇರಿದ್ದು ಆಂಗ್ಲಿಕನ್ ಚರ್ಚನ್ನು, ಇದು ಟೋಲ್ಕಿನ್‌ರಿಗೆ ನಿರಾಸೆ ತಂದಿತ್ತು. ಬ್ಲ್ಯಾಕ್‌ಫ್ರಾಯರ್ಸ್‌ನ ಗರ್ವೇಸ್ ಮ್ಯಾಥ್ಯೂ ಕೂಡ ಈ ಕೂಟಕ್ಕೆ ಬರುತ್ತಿದ್ದರು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕೃತಿಯಲ್ಲಿ ಚರ್ಚಾಗಲಿ ಪೂಜೆಯಾಗಲಿ ಇಲ್ಲ. ಆದರೂ ಅದು ಮೂಲತಃ ಕ್ಯಾಥೋಲಿಕ್ ಕೃತಿಯೆಂದು ಟೋಲ್ಕಿನ್ ಯೇಸುಸಭೆಯ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಕತೆಯಲ್ಲಿ ಉಂಗುರ ನಾಶವಾಗುವ ದಿನ ಮಾರ್ಚ್ 25, ಅಂದರೆ ಮರಿಯಳಿಗೆ ದೇವದೂತನ ಸಂದೇಶ ಬಂದುದನ್ನು ಸ್ಮರಿಸುವ ಹಬ್ಬದ ದಿನ. ವಾ ಅವರ ‘ಬ್ರೈಡ್ಸ್‌ಹೆಡ್ ರಿವಿಸಿಟೆಡ್’ (1945) 1920ರ ದಶಕದ ಆಕ್ಸ್‌ಫರ್ಡನ್ನು ಕ್ಯಾಥೋಲಿಕ್ ಶ್ರೀಮಂತ ಕುಟುಂಬವೊಂದರ ಮೂಲಕ ಚಿತ್ರಿಸಿತು. ಜನಮನದಲ್ಲಿ ಆಕ್ಸ್‌ಫರ್ಡ್ ಕ್ಯಾಥೋಲಿಕರ ಚಿತ್ರ ಇಂದಿಗೂ ಬಹುಮಟ್ಟಿಗೆ ಆ ಕಾದಂಬರಿಯದೇ.

ತತ್ತ್ವಶಾಸ್ತ್ರದಲ್ಲಿ ಎಲಿಜಬೆತ್ ಆ್ಯನ್ಸ್‌ಕೂಂಬ್ ಹೆಸರು ಮೊದಲು ಬರುತ್ತದೆ. ವಿದ್ಯಾರ್ಥಿನಿಯಾಗಿದ್ದಾಗಲೇ ಕ್ಯಾಥೋಲಿಕ್ ಧರ್ಮ ಸ್ವೀಕರಿಸಿದ ಅವರು ವಿಟ್‌ಗೆನ್‌ಸ್ಟೈನ್‌ರ ಶಿಷ್ಯೆ, ಅವರ ‘ತಾತ್ತ್ವಿಕ ಶೋಧನೆಗಳು’ ಗ್ರಂಥದ ಅನುವಾದಕಿ. 1939ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬ್ರಿಟನ್ನಿನ ಯುದ್ಧನೀತಿಯನ್ನು ಧರ್ಮಸಭೆಯ ನ್ಯಾಯಯುದ್ಧ ಸಿದ್ಧಾಂತದ ಮೇಲೆ ಪ್ರಶ್ನಿಸಿ ಸಹಪಾಠಿಯೊಡನೆ ಕಿರುಹೊತ್ತಗೆ ಪ್ರಕಟಿಸಿದಾಗ ಬಿಷಪ್ಪರೇ ಅದನ್ನು ಹಿಂತೆಗೆಯುವಂತೆ ಮಾಡಿದರು. 1956ರಲ್ಲಿ ವಿಶ್ವವಿದ್ಯಾಲಯ ಅಮೆರಿಕದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಗೌರವ ಪದವಿ ನೀಡಲು ಮುಂದಾದಾಗ, ಹಿರೋಶಿಮಾ ಮತ್ತು ನಾಗಸಾಕಿಯ ನಿರಪರಾಧಿಗಳನ್ನು ಕೊಲ್ಲಲು ಆದೇಶಿಸಿದವರನ್ನು ಗೌರವಿಸಬಾರದೆಂದು ಅವರು ಸಭೆಯಲ್ಲಿ ಎದ್ದು ವಿರೋಧಿಸಿದರು. ಪದವಿ ನೀಡಿಕೆ ನಿಲ್ಲಲಿಲ್ಲ. ಉದ್ದೇಶಪೂರ್ವಕ ಕೃತ್ಯ ಎಂದರೇನು ಎಂಬುದನ್ನು ಪರಿಶೀಲಿಸುವ ಅವರ ‘ಇಂಟೆನ್ಷನ್’ (1957) ಮತ್ತು ಮರುವರ್ಷದ ನೀತಿಶಾಸ್ತ್ರದ ಪ್ರಬಂಧ ಈ ಘಟನೆಯ ಬೆನ್ನಿಗೇ ಬಂದವು.

ತರ್ಕಶಾಸ್ತ್ರದ ಪ್ರಾಧ್ಯಾಪಕ ಮೈಕೆಲ್ ಡಮೆಟ್ 1944ರಲ್ಲಿ ಕ್ಯಾಥೋಲಿಕ್ ಆದವರು. 1960ರ ದಶಕದಲ್ಲಿ ಪತ್ನಿ ಆ್ಯನ್‌ರೊಡನೆ ವರ್ಣಭೇದದ ವಿರುದ್ಧ ಹೋರಾಡಿ, ಭಾರತ ಉಪಖಂಡ ಮತ್ತು ಕೆರಿಬಿಯನ್ ದ್ವೀಪಗಳಿಂದ ಬಂದ ವಲಸಿಗರ ಪರವಾಗಿ 1967ರಲ್ಲಿ ಹುಟ್ಟಿದ ಸಂಘಟನೆಯನ್ನು ಕಟ್ಟುವಲ್ಲಿ ಪಾಲ್ಗೊಂಡರು. ಮ್ಯಾನಿಂಗ್‌ರ ಭಯವನ್ನು ನೆನಪಿಸುವ ಉದಾಹರಣೆಯೂ ಉಂಟು. ಕ್ಯಾಥೋಲಿಕ್ ಗುರುವಾಗಿದ್ದ ಆ್ಯಂಟನಿ ಕೆನಿ 1963ರಲ್ಲಿ ಗುರುಪದವಿ ತ್ಯಜಿಸಿ ಅಜ್ಞೇಯವಾದಿಯಾದರು. 1978ರಲ್ಲಿ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾದರು. ಅಕ್ವಿನಾಸರ ಮೇಲೆ ಬರೆಯುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ.

ಭಾರತದ ನಂಟು

ಬಂಗಾಳದ ಕ್ಯಾಥೋಲಿಕ್ ಸನ್ಯಾಸಿ ಬ್ರಹ್ಮಬಾಂಧವ ಉಪಾಧ್ಯಾಯರು 1902–03ರಲ್ಲಿ ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡ್‌ನಲ್ಲಿ ಹಿಂದೂ ಚಿಂತನೆಯ ಕುರಿತು ಉಪನ್ಯಾಸ ನೀಡಿದರು. ವೇದಾಂತದ ಭಾಷೆಯಲ್ಲಿ ಕ್ರೈಸ್ತ ಶ್ರದ್ಧೆಯನ್ನು ಹೇಳುವ ಅವರ ಪ್ರಯತ್ನ ಭಾರತದಲ್ಲಿ ಧರ್ಮಸಭೆಯ ಅಧಿಕಾರಿಗಳ ಆಕ್ಷೇಪಕ್ಕೆ ಗುರಿಯಾಗಿತ್ತು.

ಕರ್ನಾಟಕದೊಂದಿಗಿನ ನೇರ ಕೊಂಡಿ ಬೀಡ್ ಗ್ರಿಫಿತ್ಸ್ (1906–1993). ಮಾಡ್ಲಿನ್ ಕಾಲೇಜಿನಲ್ಲಿ ಲೂಯಿಸ್‌ರ ವಿದ್ಯಾರ್ಥಿಯಾಗಿದ್ದ ಅವರು 1931ರಲ್ಲಿ ಕ್ಯಾಥೋಲಿಕ್ ಆಗಿ ಬೆನೆಡಿಕ್ಟೈನ್ ಸನ್ಯಾಸಿಯಾದರು. ಗುರುಶಿಷ್ಯರು ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಶ್ರದ್ಧೆಯ ಕಡೆಗೆ ನಡೆದರೂ ಸೇರಿದ ಚರ್ಚುಗಳು ಬೇರೆಯಾದವು. 1955ರಲ್ಲಿ ಭಾರತಕ್ಕೆ ಬಂದ ಗ್ರಿಫಿತ್ಸ್ ಮೊದಲು ನೆಲಸಿದ್ದು ಬೆಂಗಳೂರು ಬಳಿಯ ಕೆಂಗೇರಿಯಲ್ಲಿ. 1958ರಲ್ಲಿ ಕೇರಳದ ಕುರಿಶುಮಲೆಗೂ, 1968ರಲ್ಲಿ ತಮಿಳುನಾಡಿನ ಶಾಂತಿವನಕ್ಕೂ ಹೋದರು. ಕಾವಿ ಧರಿಸಿ ಉಪನಿಷತ್ತುಗಳನ್ನು ಪ್ರಾರ್ಥನೆಯ ಭಾಗವಾಗಿಸಿಕೊಂಡ ಅವರ ಆಶ್ರಮಜೀವನವನ್ನು ಮೆಚ್ಚಿದವರೂ ಶಂಕಿಸಿದವರೂ ಎರಡೂ ಧರ್ಮಗಳಲ್ಲಿದ್ದರು.

ಇತ್ತೀಚಿನ ಬೆಳವಣಿಗೆಗಳು

ಗ್ರೇಫ್ರಾಯರ್ಸ್ ಹಾಲ್ 2008ರಲ್ಲಿ, ಸೇಂಟ್ ಬೆನೆಟ್ಸ್ ಹಾಲ್ ಹಣಕಾಸಿನ ಬಿಕ್ಕಟ್ಟಿನಿಂದ 2022ರಲ್ಲಿ ಮುಚ್ಚಿದವು. ಕ್ಯಾಂಪಿಯನ್ ಹಾಲ್ ಮತ್ತು ಬ್ಲ್ಯಾಕ್‌ಫ್ರಾಯರ್ಸ್ ಮುಂದುವರಿದಿವೆ. ವಿಶ್ವವಿದ್ಯಾಲಯದ ಸೇಂಟ್ ಮೇರಿ ಚರ್ಚಿನಲ್ಲಿ 2009ರಲ್ಲಿ ಇರಿಸಿದ ಫಲಕವೊಂದು ಸುಧಾರಣಾ ಕಾಲದ ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟಂಟ್ ಹುತಾತ್ಮರನ್ನು ಒಟ್ಟಾಗಿ ಹೆಸರಿಸುತ್ತದೆ. ಕ್ರಿಸ್ತನ ಪವಿತ್ರ ಶರೀರದ ಹಬ್ಬದ ಮೆರವಣಿಗೆ ಪ್ರತಿ ಬೇಸಿಗೆಯಲ್ಲಿ ಆಕ್ಸ್‌ಫರ್ಡ್‌ನ ಬೀದಿಗಳಲ್ಲಿ ಸಾಗುತ್ತದೆ.

ಯೇಸುಸಭೆಯವರು 1981ರಲ್ಲಿ ಬಿಟ್ಟುಕೊಟ್ಟ ಸಂತ ಅಲೋಶಿಯಸ್ ಚರ್ಚನ್ನು 1990ರಲ್ಲಿ ಬರ್ಮಿಂಗ್‌ಹ್ಯಾಮ್ ಒರೆಟರಿಯ ಗುರುಗಳು ವಹಿಸಿಕೊಂಡರು. 1993ರಲ್ಲಿ ಅದು ಸ್ವತಂತ್ರ ಆಕ್ಸ್‌ಫರ್ಡ್ ಒರೆಟರಿಯಾಯಿತು. ನ್ಯೂಮನ್ ಎರಡು ಬಾರಿ ಜಾಗ ಕೊಂಡೂ ಕಟ್ಟಲಾಗದ ಮನೆ, ಮ್ಯಾನಿಂಗ್ ಉದ್ಘಾಟನಾ ಪ್ರವಚನ ನೀಡಿದ ಚರ್ಚಿನಲ್ಲಿ ನೆಲೆಗೊಂಡಿತು. ನ್ಯೂಮನ್‌ರಿಗೆ 2019ರ ಅಕ್ಟೋಬರ್ 13ರಂದು ಸಂತ ಪದವಿ ದೊರೆಯಿತು. 2025ರ ನವೆಂಬರ್ 1ರಂದು ಪೋಪ್ ಹದಿನಾಲ್ಕನೆಯ ಲಿಯೊ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.